ದೀಪ ದೊಡ್ಡದು ಮಾಡು

ಹೊಳೆಯ ದಂಡೆಯ ಮೇಲೆ ಮಳೆಯಪ್ಪಜ್ಜನ ಆಶ್ರಮ. ಆಶ್ರಮ ಎಂದರೆ ಹೆಸರಿಗೆ ಅಷ್ಟೇ. ಎರಡು ಗುಡಿಸಲು, ಒಂದು ಬೇವಿನ ಮರ, ಕಿಟಕಿಯೇ ಇಲ್ಲದ ಒಂದು ಕಲ್ಲಿನ ಕೋಣೆ.

ಆ ಕೋಣೆಯ ಕತ್ತಲೆಯಲ್ಲಿ ಕೂತು ಮೇಣಬತ್ತಿಯ ಜ್ವಾಲೆಯನ್ನು ನೋಡುವುದೇ ಅಲ್ಲಿಯ ಧ್ಯಾನ.

ರೀತಿ ಸರಳ. ಬತ್ತಿ ಹಚ್ಚಿ ಕಣ್ಣಿನ ಮಟ್ಟಕ್ಕೆ ಇಡಬೇಕು. ರೆಪ್ಪೆ ಬಡಿಯದೆ ನೋಡಬೇಕು. ಕಣ್ಣಲ್ಲಿ ನೀರು ತುಂಬಿದಾಗ ಮುಚ್ಚಬೇಕು. ಮುಚ್ಚಿದ ಕಣ್ಣೊಳಗೂ ಜ್ವಾಲೆ ಸ್ವಲ್ಪ ಹೊತ್ತು ನಿಂತಿರುತ್ತದೆ. ಅದು ಮಾಸಿದ ಮೇಲೆ ಮತ್ತೆ ಕಣ್ಣು ತೆರೆಯಬೇಕು.

ಇದನ್ನು ಕಲಿಯಲು ದಾವಣಗೆರೆಯಿಂದ ಬಂದಿದ್ದವನು ಹಾಲೇಶ. ಮದುವೆಯಾಗದ ಯುವಕ. ಸ್ವಿಚ್ಚು ಒತ್ತಿದರೆ ದೀಪ ಹತ್ತುವ ಮನೆಯಲ್ಲಿ ಹುಟ್ಟಿ ಬೆಳೆದವನು.

ಬಂದ ಹೊಸದರಲ್ಲಿ ಅವನು ಕೇಳಿದ್ದ. "ಅಜ್ಜಾರ, ಎಣ್ಣೆ ದೀಪ ಇಟ್ಟರೆ ಆಗಲ್ವಾ? ಮೇಣಬತ್ತಿನೇ ಯಾಕೆ?"

"ಪಣತಿ ಇಟ್ಟರ ಎಣ್ಣಿ ಐತೋ ಇಲ್ಲೋ ಅಂತ ಮನಸ್ಸು ಅದರ ಕಡೇನ ಓಡತೈತಿ," ಎಂದರು ಅಜ್ಜ. "ಮೇಣಬತ್ತಿಗೆ ಹಾಕೂದು ಏನೂ ಇಲ್ಲ. ಅದು ಇದ್ದಷ್ಟು ಇರತೈತಿ. ನೀನೂ ಹಂಗ ಇರು."

ಹಾಲೇಶನಿಗೆ ಧ್ಯಾನ ಬೇಗ ಕೈಹತ್ತಿತು. ಅದರ ಹಿಂದೆಯೇ ಸ್ವಲ್ಪ ಜಂಬವೂ ಹತ್ತಿತು.

"ಅಜ್ಜಾರ, ಇವತ್ತು ಮೂಗಿನ ಮೇಲೆ ನೊಣ ಕೂತಿತ್ತು. ನನಗೆ ಗೊತ್ತೇ ಆಗಲಿಲ್ಲ."

"ಗೊತ್ತಾಗದಿದ್ದರ ಅದು ನೊಣ ಅಂತ ಹ್ಯಾಂಗ ಹೇಳ್ತಿ? ಸೊಳ್ಳಿ ಇದ್ದೀತು."

ಹಾಲೇಶ ತಲೆ ಕೆರೆದುಕೊಂಡ. ಅಜ್ಜ ನಗಲಿಲ್ಲ, ಆದರೆ ಗಡ್ಡ ಸ್ವಲ್ಪ ಅಲುಗಿತು.

ಇನ್ನೊಂದು ದಿನ ಅವನು ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟ.

"ಜ್ವಾಲೆ ಒಂದೇ ಉಳೀಬೇಕು ಅಜ್ಜಾರ. ಬೇರೆ ಏನೂ ಇರಬಾರದು. ಕೋಣೆ ಇರಬಾರದು, ಕೂತಿರೋ ನಾನೂ ಇರಬಾರದು. ಅದು ಯಾವಾಗ ಆಗುತ್ತೆ?"

"ಕೆಲವರಿಗೆ ಒಂದ ಸಂಜಿಯಾಗ ಆಗತೈತಿ."

"ನನಗೆ?"

"ನಿನಗ ಅವಸರ ಐತಿ," ಎಂದು ಅಜ್ಜ ಎದ್ದು ಹೋದರು.

ಈ ಮಾತು ಹಾಲೇಶನಿಗೆ ನಾಟಿತು. ಅವಸರವಿಲ್ಲ ಎಂದು ತೋರಿಸಬೇಕೆಂದು ಅವನು ಮಾಡಿದ ಉಪಾಯವೂ ಅವಸರದ್ದೇ. ಕೋಣೆಯಲ್ಲಿದ್ದ ಮೇಣಬತ್ತಿಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸಿಕೊಂಡ. ಅದು ಉರಿದು ಮುಗಿಯುವ ತನಕ ಏಳುವುದಿಲ್ಲ, ಅದರ ಮೇಲಿನ ಕಣ್ಣನ್ನು ಬೇರೆ ಕಡೆ ಹೊರಳಿಸುವುದಿಲ್ಲ ಎಂದು ಸಂಕಲ್ಪ ಮಾಡಿದ. ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಅಜ್ಜನಿಗೆ ಹೇಳಿದ.

ಅಜ್ಜ "ಹೂಂ" ಎಂದರು. ಅದು ಒಪ್ಪಿಗೆಯೋ ಬೇಸರವೋ ತಿಳಿಯಲಿಲ್ಲ. ಒಪ್ಪಿಗೆ ಎಂದುಕೊಂಡು ಹಾಲೇಶ ಒಳಗೆ ಹೋಗಿ ಕೂತ.

ಹಾಲೇಶನ ಅಕ್ಕ ಬಂದದ್ದು ಅದೇ ದಿನ.

ಅಕ್ಕನ ಹೆಸರು ಪಂಪಮ್ಮ. ಹಾಲೇಶ ಹಾಲು ಕುಡಿಯುವ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಆಗ ಪಂಪಮ್ಮ ಇನ್ನೂ ಲಂಗ ಉಡುವ ಹುಡುಗಿ. ತಮ್ಮನನ್ನು ಸೊಂಟದಿಂದ ಇಳಿಸದೆ ಸಾಕಿದವಳು ಅವಳೇ. ಅವನು ಮನೆ ಬಿಟ್ಟು ಆಶ್ರಮಕ್ಕೆ ಹೊರಟಾಗ ಬೇಡ ಎನ್ನಲಿಲ್ಲ. ಚೀಲಕ್ಕೆ ಒಂದು ಕಂಬಳಿ ತುರುಕಿ, ಚಳಿಗೆ ಹೊದ್ದುಕೋ ಎಂದಿದ್ದಳು ಅಷ್ಟೇ.

ಈಗ ಆಚೆ ದಡದ ಊರಿನ ತನಕ ಬಸ್ಸಿನಲ್ಲಿ ಬಂದು, ಅಲ್ಲಿಂದ ಅಂಬಿಗರ ದ್ಯಾಮಣ್ಣನ ಹರಿಗೋಲಿನಲ್ಲಿ ಹೊಳೆ ದಾಟಿ ಬಂದಿದ್ದಳು.

ಹೊರಗೆ ಅವಳ ದನಿ ಕೇಳಿದ ಕೂಡಲೇ ಹಾಲೇಶನ ಕಿವಿ ನಿಮಿರಿತು. ಎದ್ದು ಅವಳ ಹತ್ತಿರ ಓಡಬೇಕು ಅನ್ನಿಸಿತು. ಕಾಲು ಅಲುಗಿತು ಕೂಡ.

ಆಮೇಲೆ ಅವನು, ಇದು ತನಗೆ ಬಂದ ಪರೀಕ್ಷೆ ಎಂದುಕೊಂಡ. ಪುರಾಣದಲ್ಲಿ ತಪಸ್ಸಿಗೆ ಕೂತವರಿಗೆ ಬರುತ್ತದಲ್ಲ, ಅಂಥದ್ದು. ಬುತ್ತಿ ಕಟ್ಟಿಕೊಂಡು ಬಂದ ಅಕ್ಕನನ್ನೇ ಮಾಯೆ ಮಾಡಿಬಿಟ್ಟ ಪುಣ್ಯಾತ್ಮ.

ಪಂಪಮ್ಮ ಕೋಣೆಯ ಹೊಸ್ತಿಲಿಗೆ ಬಂದು ನಿಂತಳು. ಅವಳಿಗೆ ಕಂಡದ್ದು ತಮ್ಮನ ಬೆನ್ನು, ಅದರಾಚೆ ಒಂದು ಜ್ವಾಲೆ.

"ಹಾಲೇಶಿ, ನಾನು ಬಂದೀನಪ್ಪ."

ಅವನು ತಿರುಗಲಿಲ್ಲ.

"ಮೈಗೆ ಆರಾಮ ಐತಾ?"

ಜ್ವಾಲೆ ನೆಟ್ಟಗೆ ಉರಿಯಿತು. ಹಾಲೇಶನೂ ನೆಟ್ಟಗೆ ಕೂತಿದ್ದ.

ಅಜ್ಜ ಹಿಂದಿನಿಂದ ಬಂದು, "ಕರೀಲೇನವ್ವಾ?" ಎಂದು ಕೇಳಿದರು.

"ಬ್ಯಾಡ್ರಿ ಅಜ್ಜಾರ. ಏನೋ ಹಟ ಹಿಡಿದು ಕೂತಾನೆ. ಕೆಡಿಸೋದು ಬ್ಯಾಡ," ಎಂದಳು ಅವಳು. "ತಾನೇ ಒಂದು ಸಲ ಈ ಕಡೆ ನೋಡ್ತಾನೆ. ನಾ ಕಾಯ್ತೀನಿ."

ಅವಳು ಹೊಸ್ತಿಲ ಪಕ್ಕ ಕೂತಳು. ಬೆನ್ನಿನ ಜೊತೆಗೇ ಮಾತಾಡಿದಳು.

"ನಮ್ಮ ಬೀದಿ ನಲ್ಲಿ ರಿಪೇರಿ ಆಯ್ತು. ಈಗ ದಿನಾ ನೀರು ಬಿಡ್ತಾರೆ."

"ನೀನು ಸಾಕಿದ ಬೆಕ್ಕು ಮರಿ ಹಾಕೈತೆ. ಎಲ್ಲಿ ಅಂತೀಯ? ನಿನ್ನ ಪೆಟ್ಟಿಗೆ ಒಳಗೆ. ನಿನ್ನ ಅಂಗಿ ಮೇಲೇ."

ಹಾಲೇಶನ ತುಟಿಯಂಚಿಗೆ ನಗು ಬಂತು. ಹಲ್ಲು ಕಚ್ಚಿ ಅದನ್ನು ನುಂಗಿದ. ನುಂಗಿದ್ದು ಸಾಧನೆ ಎಂದೇ ತಿಳಿದ.

ಮಧ್ಯಾಹ್ನ ಕಳೆಯಿತು. ಅಕ್ಕ ಬಂದಿದ್ದಾಳೆ, ಹೊಸ್ತಿಲಲ್ಲಿ ಕೂತಿದ್ದಾಳೆ ಎಂಬುದು ಅವನ ಬೆನ್ನಿಗೆ ಬಿಸಿಲಿನ ಹಾಗೆ ತಾಗುತ್ತಿತ್ತು. ಅವನು ಕಣ್ಣು ಕೀಳಲಿಲ್ಲ.

ಬಿಸಿಲು ಇಳಿಯುತ್ತಾ ಬಂದ ಹಾಗೆ ಅವಳನ್ನು ವಾಪಸು ದಾಟಿಸಲು ಹೊರಗೆ ಕಾಯುತ್ತಿದ್ದ ದ್ಯಾಮಣ್ಣ ಚಡಪಡಿಸತೊಡಗಿದ. ಅವನಿಗೆ ಇರುಳುಗಣ್ಣು. ಹಗಲು ಹದ್ದಿನ ಕಣ್ಣು, ಹೊತ್ತು ಮುಳುಗಿತೆಂದರೆ ಎದುರಿಗಿದ್ದ ಮನುಷ್ಯನೂ ಕಾಣುತ್ತಿರಲಿಲ್ಲ. ಅದಕ್ಕೆ ಬೆಳಕಿರುವಾಗಲೇ ಹೊಳೆ ದಾಟಿ ತನ್ನ ಊರು ಸೇರುತ್ತಿದ್ದ. ಆಚೆ ದಡ ಮುಟ್ಟಿದ ಮೇಲೆ 'ಹೋ' ಎಂದು ಉದ್ದಕ್ಕೆ ಒಂದು ಕೂಗು ಹಾಕುತ್ತಿದ್ದ. ಆ ಕೂಗು ಕೇಳಿದ ಮೇಲೆಯೇ ಈಚೆ ದಡದಲ್ಲಿ ಅಜ್ಜ ಊಟಕ್ಕೆ ಏಳುತ್ತಿದ್ದರು. ಅದು ಬಹಳ ವರ್ಷಗಳ ರೂಢಿ.

"ತಂಗೀ, ಹೊತ್ತಾತು," ಎಂದ ದ್ಯಾಮಣ್ಣ.

"ಇನ್ನೊಂಚೂರು ತಡಿಯಣ್ಣ. ಈಗ ನೋಡ್ತಾನೆ."

ಮತ್ತೆ ಸ್ವಲ್ಪ ಹೊತ್ತಿಗೆ ಅವನು ಬಂದ. "ಯವ್ವಾ, ನನ್ನ ಕಣ್ಣಿನ ಸುದ್ದಿ ನಿನಗ ಗೊತ್ತಿಲ್ಲ. ಏಳು."

"ಬಂದೆ. ಇದೊಂದು ಗಳಿಗೆ."

ಹೀಗೆ ಅವಳು ಎಳೆದಳು. ಕಡೆಗೆ ಎದ್ದಳು. ಬುತ್ತಿಯ ಗಂಟನ್ನು ಹೊಸ್ತಿಲ ಒಳಗೆ ಸರಿಸಿಟ್ಟಳು.

"ರೊಟ್ಟಿ ಐತೆ, ಶೇಂಗಾ ಚಟ್ನಿಪುಡಿ ಐತೆ. ಕೆಡೋದಿಲ್ಲ, ನಿಧಾನಕ್ಕೆ ತಿನ್ನು. ಬರ್ತೀನಪ್ಪ."

ಹಾಲೇಶನ ಕಣ್ಣಲ್ಲಿ ನೀರು ತುಂಬಿತು. ನೀರು ಬಂದಾಗ ಮುಚ್ಚಬೇಕೆಂಬುದು ನಿಯಮ. ಮುಚ್ಚಿದ. ಅದು ಯಾವ ನೀರು ಎಂದು ಅವನು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಕಣ್ಣು ತೆರೆಯುವ ಹೊತ್ತಿಗೆ ಹೊಸ್ತಿಲ ಕಡೆ ಬಳೆಯ ಸದ್ದಿರಲಿಲ್ಲ.

ಹೊರಗೆ ಕತ್ತಲು ಕವಿಯಿತು. ಒಳಗೆ ಮೇಣಬತ್ತಿ ಮುಕ್ಕಾಲು ಪಾಲು ಕರಗಿತ್ತು. ಹಾಲೇಶನಿಗೆ ಎಲ್ಲ ಹಗುರವಾಯಿತು. ನಿಜವಾಗಿಯೂ ಈಗ ಜ್ವಾಲೆಯೊಂದೇ ಇತ್ತು. ಪರೀಕ್ಷೆ ಗೆದ್ದೆ ಎಂದುಕೊಂಡ.

ಅಜ್ಜ ಬಂದು ಹೊಸ್ತಿಲಲ್ಲಿ ನಿಂತರು.

"ಹಾಲೇಶಾ, ದ್ಯಾಮಣ್ಣನ ಕೂಗು ಕೇಳಿತೇನು?"

ಹಾಲೇಶನಿಗೆ ಹೆಮ್ಮೆಯಿಂದ ಎದೆ ಉಬ್ಬಿತು. "ಇಲ್ಲ ಅಜ್ಜಾರ. ನನಗೆ ಏನೂ ಕೇಳಿಸಲೇ ಇಲ್ಲ."

"ನನಗೂ ಕೇಳಲಿಲ್ಲ," ಎಂದರು ಅಜ್ಜ. "ಅದಕ್ಕ ಎದ್ದು ಬಂದೆ."

ಆ ಮಾತು ತಲೆಗೆ ಇಳಿಯಲು ಒಂದು ಕ್ಷಣ ಹಿಡಿಯಿತು. ಇಳಿದ ಮೇಲೆ ಹಾಲೇಶ ಧಡಕ್ಕನೆ ಎದ್ದ. ಸಂಕಲ್ಪ ಎಲ್ಲಿ ಹೋಯಿತೋ. ಉರಿಯುತ್ತಿದ್ದ ಬತ್ತಿಯನ್ನೇ ಕಿತ್ತುಕೊಂಡು, ಅಂಗೈ ಮರೆ ಮಾಡಿ, ಹೊಳೆಯ ಕಡೆ ಓಡಿದ.

ದಂಡೆಗೆ ಬಂದಾಗ ಮೊದಲು ಕೇಳಿದ್ದು ನೀರಿನ ಸದ್ದು. ಬೆಳಿಗ್ಗೆ ಅವನು ಮಿಂದಾಗ ಹೊಳೆ ಗುಣುಗುತ್ತಿತ್ತು. ಈಗ ಮೊರೆಯುತ್ತಿತ್ತು. ಮೇಲೆ ಎಲ್ಲೋ ಗುಡ್ಡದ ಕಡೆ ಮಳೆಯಾಗಿ, ಸಂಜೆಯಾಗುತ್ತಿದ್ದ ಹಾಗೆ ಕೆನ್ನೀರು ಇಳಿದಿತ್ತು. ಇಲ್ಲಿ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

"ಅಕ್ಕಾ," ಎಂದು ಕೂಗಿದ. ಆ ಮೊರೆತದಲ್ಲಿ ಅವನ ಕೂಗು ಅವನಿಗೇ ಕೇಳಲಿಲ್ಲ.

ಅಜ್ಜ ನಿಧಾನವಾಗಿ ಬಂದು ಪಕ್ಕದಲ್ಲಿ ನಿಂತು, ಅವನ ಕಿವಿಯ ಹತ್ತಿರ ಬಾಯಿ ತಂದು ಹೇಳಿದರು.

"ಮೊದಲು ದೀಪ ದೊಡ್ಡದು ಮಾಡು."

ಹಾಲೇಶ ಎರಡನೆಯ ಮಾತಿಗೆ ಕಾಯಲಿಲ್ಲ. ಕೋಣೆಗೆ ಓಡಿ, ಇದ್ದಬದ್ದ ಮೇಣಬತ್ತಿಗಳನ್ನೆಲ್ಲ ಉಡಿಯಲ್ಲಿ ತುಂಬಿಕೊಂಡು ಬಂದ. ಬಂಡೆಯ ಮರೆಯಲ್ಲಿ ಸಾಲಾಗಿ ನಿಲ್ಲಿಸಿ ಒಂದರಿಂದ ಒಂದಕ್ಕೆ ಹಚ್ಚಿದ. ಗಾಳಿಗೆ ಒಂದು ಹೋದರೆ ಮತ್ತೆ ಹಚ್ಚಿದ. ಬಂಡೆಯೆಲ್ಲ ಬೆಳಕಾಯಿತು. ಅವನ ಮುಖ, ಅಜ್ಜನ ಗಡ್ಡ, ಕಾಲ ಬಳಿಯ ಹುಲ್ಲು ಎಲ್ಲ ನಿಚ್ಚಳವಾಗಿ ಕಂಡವು.

ಹೊಳೆ ಕಾಣಲಿಲ್ಲ. ಬೆಳಕು ಮುಗಿದಲ್ಲಿಂದ ಆಚೆಗೆ ಕರಿ ಗೋಡೆ ಕಟ್ಟಿದಂತಿತ್ತು.

"ಏನೂ ಕಾಣಲ್ಲ ಅಜ್ಜಾರ. ಇನ್ನೂ ಬತ್ತಿ ಬೇಕು. ಗುಡಿಸಲಿನಾಗೆ ಐತೇನೋ ನೋಡ್ತೀನಿ."

ಅಜ್ಜ ಬಗ್ಗಿದರು. ಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು, ತುದಿಯ ಬತ್ತಿಯ ತಲೆಯನ್ನು ಮೆಲ್ಲಗೆ ಹಿಸುಕಿದರು. ಆಮೇಲೆ ಅದರ ಪಕ್ಕದ್ದನ್ನು.

ಹಾಲೇಶ ಅವರ ಕೈ ಹಿಡಿದುಕೊಂಡ. "ದೊಡ್ಡದು ಮಾಡು ಅಂದ್ರಿ. ಈಗ ನೀವೇ ಆರಿಸ್ತೀರಲ್ಲ ಅಜ್ಜಾರ."

"ಆ ಮಾತು ಆಡಬ್ಯಾಡ. ದೊಡ್ಡದ ಮಾಡಾಕ ಹತ್ತೀನಿ."

ಆ ಸೀಮೆಯಲ್ಲಿ ದೀಪ ಆರಿಸು ಎಂಬ ಮಾತನ್ನು ಯಾರೂ ಬಾಯಿಗೆ ತರುವುದಿಲ್ಲ. ಅದು ಅಶುಭ. ಮಲಗುವ ಮುಂಚೆ ಮನೆಯ ಹಿರಿಯಳು ಸೊಸೆಗೆ, ದೀಪ ದೊಡ್ಡದು ಮಾಡವ್ವಾ, ಎನ್ನುತ್ತಾಳೆ. ಸೊಸೆ ಎದ್ದು ಆರಿಸುತ್ತಾಳೆ. ಸ್ವಿಚ್ಚಿನ ಮನೆಯಿಂದ ಬಂದ ಹಾಲೇಶನಿಗೆ ಇದು ಎಲ್ಲಿಂದ ಗೊತ್ತಿರಬೇಕು?

ಕಡೆಗೆ ಒಂದೇ ಉಳಿಯಿತು. ಹಾಲೇಶ ಬೆಳಗಿನಿಂದ ನೋಡುತ್ತ ಕೂತಿದ್ದ ದಪ್ಪ ಬತ್ತಿ. ಅಜ್ಜ ಅದರ ತಲೆಯನ್ನೂ ಹಿಸುಕಿದರು.

"ಈಗ ದೊಡ್ಡದಾತು," ಎಂದರು. "ನೋಡು."

ಮೊದಲು ಏನೂ ಇರಲಿಲ್ಲ. ಹಾಲೇಶನ ಕಣ್ಣ ಮುಂದೆ ಜ್ವಾಲೆಯ ಹಸಿರು ಕಲೆಯೊಂದು ತೇಲುತ್ತಿತ್ತು, ಅಷ್ಟೇ. ಇಡೀ ದಿನ ನೋಡಿ ನೋಡಿ ಗಳಿಸಿದ್ದು ಅದೊಂದು ಕಲೆ. ಈಗ ಎತ್ತ ನೋಡಿದರೂ ಅದೇ ಅಡ್ಡ ಬರುತ್ತಿತ್ತು. ಅವನು ಕಣ್ಣುಜ್ಜಿಕೊಂಡ. ಜೀವ ಬಾಯಿಗೆ ಬಂದಿತ್ತು.

"ಕಾಣಲ್ಲ ಅಜ್ಜಾರ."

"ಅವಸರ ಮಾಡಬ್ಯಾಡ."

ಆ ಕಲೆ ಮೆಲ್ಲಗೆ ಮಾಸಿತು.

ಆಮೇಲೆ ಆಕಾಶ ಬಂತು. ನಕ್ಷತ್ರಗಳು ಬಂದವು. ಮೊದಲು ಕೆಲವು, ಆಮೇಲೆ ಅವುಗಳ ಹಿಂದಿದ್ದವು, ಆಮೇಲೆ ಅವುಗಳ ನಡುವಿನ ಜಾಗವೆಲ್ಲ ನಕ್ಷತ್ರವೇ. ಆಕಾಶ ಕೆಳಗಿಳಿದು ಎಲ್ಲಿ ಮುಗಿಯುತ್ತದೋ ಅಲ್ಲಿ ಆಚೆ ದಡದ ಗುಡ್ಡ ತನ್ನ ಅಂಚನ್ನು ತೋರಿಸಿತು. ಗುಡ್ಡದ ಕೆಳಗೆ ಏನೋ ಬೂದು ಬಣ್ಣದ್ದು ಅಲುಗಿತು.

ಅದು ಹೊಳೆ.

ಹಾಲೇಶ ಉಸಿರು ಬಿಡುವುದನ್ನು ಮರೆತ. ಹೊಳೆ ತಾನೇ ಬೆಳಗುತ್ತಿತ್ತು. ನಕ್ಷತ್ರದ ಬೆಳಕನ್ನು ಮೈತುಂಬ ಪುಡಿ ಮಾಡಿಕೊಂಡು, ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಸಮನೆ ನಡೆಯುತ್ತಿತ್ತು. ಎಷ್ಟು ಅಗಲ. ಇಷ್ಟು ದೊಡ್ಡದರ ಪಕ್ಕದಲ್ಲಿ ಇಷ್ಟು ದಿನ ಗೋಡೆಗೆ ಮುಖ ಹಾಕಿ ಕೂತಿದ್ದೆನೇ ಎಂದು ಅವನಿಗೆ ನಿಜಕ್ಕೂ ಅಂಜಿಕೆಯಾಯಿತು. ಕೈ ತಾನಾಗಿ ಮುಗಿಯಿತು.

ಆಗ ಆ ಬೂದು ನೀರಿನ ನಡುವೆ ಒಂದು ಕಪ್ಪು ಬೊಟ್ಟು ಕಂಡಿತು.

"ಆನೆಬಂಡೆ," ಎಂದ. ನಡುಹೊಳೆಯಲ್ಲಿ ಆನೆಯ ಬೆನ್ನಿನಂತೆ ಏಳುವ ಬಂಡೆ ಅದು. ಅದರ ಮಗ್ಗುಲಿಗೆ ಇನ್ನೊಂದು ಕಪ್ಪು ಅಂಟಿಕೊಂಡಿತ್ತು. ದುಂಡಗಿತ್ತು. ಅಲುಗುತ್ತಿತ್ತು.

ಹರಿಗೋಲು.

ಅರ್ಧ ಹೊಳೆಗೆ ಹೋಗುವಾಗ ನೀರು ಏರಿತ್ತು, ಬೆಳಕು ಇಳಿದಿತ್ತು, ದ್ಯಾಮಣ್ಣನ ಕಣ್ಣು ಹೋಗಿತ್ತು. ಆಚೆ ದಡದ ಕಡೆಯ ಜೋರು ಸೆಳವನ್ನು ದಾಟಲಾಗದೆ, ಬಂಡೆಯನ್ನು ತಬ್ಬಿಕೊಂಡು ನಿಂತಿದ್ದಾರೆ. ಬಂಡೆ ಮುಳುಗುವ ತನಕ ಅವರಿಗೆ ಸಮಯ. ಹಾಲೇಶ ನೋಡುತ್ತಿದ್ದ ಹಾಗೆಯೇ ಆನೆಯ ಬೆನ್ನು ಸಣ್ಣದಾಗುತ್ತಿತ್ತು.

"ನಾನು ಈಜಿ ಹೋಗ್ತೀನಿ."

"ಹೋಗಿ? ಮೂರು ಮಂದಿ ಮುಳಗತೀರಿ." ಅಜ್ಜ ಅವನ ರಟ್ಟೆ ಹಿಡಿದರು. "ಅವರಿಗೆ ಬರಾಕ ಬರತೈತಿ. ಎಲ್ಲಿಗೆ ಬರಬೇಕು ಅನ್ನೂದು ಕಾಣವಲ್ದು, ಅಷ್ಟ."

ಅದು ನಿಜ. ಈಚೆ ದಂಡೆಯುದ್ದಕ್ಕೂ ಚೂಪು ಬಂಡೆಗಳು. ಹರಿಗೋಲು ಒಡೆಯದೆ ಬಂದು ತಾಗುವುದಕ್ಕೆ ಎರಡು ಬಂಡೆಗಳ ನಡುವೆ ಒಂದೇ ಒಂದು ಕಿಂಡಿ. ಹಗಲಲ್ಲಿ ದ್ಯಾಮಣ್ಣ ಹಾಡಿಕೊಂಡು ಒಳಗೆ ಬರುವ ಕಿಂಡಿ. ಹೊಳೆಯ ಮೇಲಿದ್ದವರಿಗೆ ಈಗ ದಂಡೆ ಎಂದರೆ ಮರಗಳ ಕಪ್ಪು ಮೊತ್ತ ಮಾತ್ರ.

ಅಜ್ಜ ಕಡ್ಡಿ ಗೀರಿ ಆ ದಪ್ಪ ಬತ್ತಿಯನ್ನೇ ಮತ್ತೆ ಹಚ್ಚಿದರು. ಹಾಲೇಶನ ಕೈಗೆ ಕೊಟ್ಟರು.

"ಒಂದೇ ಸಾಕಾ? ಎಲ್ಲಾ ಹಚ್ಚಲಾ?"

"ಅಷ್ಟೊಂದು ಹಚ್ಚಿದರ ಯಾವುದಕ್ಕ ಬರಬೇಕಂತ ಆಕಿಗೆ ಹ್ಯಾಂಗ ತಿಳೀಬೇಕು? ಕಿಂಡ್ಯಾಗ ನಿಲ್ಲು. ತಲಿ ಮ್ಯಾಲ ಎತ್ತಿ ಹಿಡಿ. ನಿನ್ನ ಕಣ್ಣಿಗೆ ಜ್ವಾಲಿ ಬೀಳಬಾರದು."

"ಯಾಕೆ?"

"ಜ್ವಾಲಿ ನೋಡಿದಿ ಅಂದರ ಆಕಿ ಕಾಣಂಗಿಲ್ಲ."

ಹಾಲೇಶ ಕಿಂಡಿಯೊಳಗೆ ಇಳಿದ. ನೀರು ಮೊಳಕಾಲಿಗೆ ಬಂತು. ಬಲಗೈಯಲ್ಲಿ ಬತ್ತಿ ಎತ್ತಿ ಹಿಡಿದು, ಎಡಗೈಯನ್ನು ಗಾಳಿಗೆ ಮರೆ ಮಾಡಿದ. ಮೇಣ ಕರಗಿ ಮಣಿಕಟ್ಟಿನ ಮೇಲೆ ಬಿತ್ತು. ಸುಟ್ಟಿತು. ಕೈ ಅಲುಗಿಸಲಿಲ್ಲ.

ನಡುಹೊಳೆಯ ಕಪ್ಪು ಬೊಟ್ಟು ಹಾಗೇ ಇತ್ತು.

ನೋಡು ಅಕ್ಕಾ, ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಈ ಕಡೆ ಒಂದು ಸಲ ನೋಡು. ಹಗಲೆಲ್ಲ ಹೊಸ್ತಿಲಲ್ಲಿ ಕೂತು ಅವಳು ಬೇಡಿಕೊಂಡದ್ದೂ ಇದನ್ನೇ ಎಂಬುದು ಅವನಿಗೆ ಆಗ ಹೊಳೆಯಿತು. ಬತ್ತಿಯನ್ನು ಇನ್ನಷ್ಟು ಮೇಲಕ್ಕೆ ಎತ್ತಿದ.

ಬೊಟ್ಟು ಬಂಡೆಯಿಂದ ಬಿಡಿಸಿಕೊಂಡಿತು.

ಒಂದು ಸುತ್ತು ಗಿರ್ರನೆ ತಿರುಗಿತು. ಸೆಳವು ಅದನ್ನು ಕೆಳಕ್ಕೆ ಎಳೆಯಿತು. ಹಾಲೇಶ ಕಣ್ಣು ಮುಚ್ಚಬೇಕೆಂದುಕೊಂಡ, ಮುಚ್ಚಲಾಗಲಿಲ್ಲ. ಆಮೇಲೆ ಅದು ತಿರುಗುವುದನ್ನು ನಿ‌ಲ್ಲಿಸಿತು. ಯಾರೋ ದಾರ ಕಟ್ಟಿ ಹಿಡಿದ ಹಾಗೆ, ಓರೆಯಾಗಿ, ಈ ಕಡೆಗೆ ಮುಖ ಮಾಡಿತು.

ಎಷ್ಟು ಹೊತ್ತು ಹಿಡಿಯಿತೋ ಅವನಿಗೆ ತಿಳಿಯದು. ನೀರು ತೊಡೆಗೆ ಬಂದದ್ದು ತಿಳಿಯಲಿಲ್ಲ. ಮೇಣ ಮೊಳಕೈವರೆಗೆ ಹರಿದದ್ದು ತಿಳಿಯಲಿಲ್ಲ. ಕೈ ಸೋಲಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದ. ಸೆಳವು ಆ ಕಪ್ಪನ್ನು ಕೆಳಕ್ಕೆ ಎಳೆದಷ್ಟು ಅದು ಮತ್ತೆ ಮೇಲಕ್ಕೆ ತಿದ್ದಿಕೊಂಡು ಬರುತ್ತಿತ್ತು. ತಪ್ಪುವುದು, ತಿದ್ದಿಕೊಳ್ಳುವುದು. ಮತ್ತೆ ತಪ್ಪುವುದು, ಮತ್ತೆ ತಿದ್ದಿಕೊಳ್ಳುವುದು. ಅವನು ಬದುಕಿನಲ್ಲಿ ಅಂಥದ್ದನ್ನು ಕಂಡಿರಲಿಲ್ಲ.

ಹತ್ತಿರವಾದ ಮೇಲೆ ಮನುಷ್ಯರು ಕಂಡರು. ದ್ಯಾಮಣ್ಣ ಮೊಳಕಾಲೂರಿ ಹುಟ್ಟು ಹಾಕುತ್ತಿದ್ದ. ಅವನ ತಲೆ ಕೆಳಗಿತ್ತು, ನೋಡಲು ಅವನಿಗೆ ಏನೂ ಇರಲಿಲ್ಲ. ಅವನ ಮುಂದೆ ಪಂಪಮ್ಮ ಎರಡೂ ಕೈಯಲ್ಲಿ ಹರಿಗೋಲಿನ ಅಂಚು ಹಿಡಿದು ಕೂತಿದ್ದಳು. ಸೆರಗು ಜಾರಿತ್ತು, ಕೂದಲು ಮುಖಕ್ಕೆ ಅಂಟಿತ್ತು. ಅದನ್ನು ಸರಿಸಿಕೊಳ್ಳಬೇಕೆಂಬ ಎಚ್ಚರವೂ ಅವಳಿಗಿರಲಿಲ್ಲ.

ಅವಳು ಹಾಲೇಶನನ್ನು ನೋಡುತ್ತಿರಲಿಲ್ಲ. ಅವನ ತಲೆಯ ಮೇಲಿನ ಜ್ವಾಲೆಯನ್ನು ನೋಡುತ್ತಿದ್ದಳು. ರೆಪ್ಪೆ ಬಡಿಯುತ್ತಿರಲಿಲ್ಲ. ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಅವಳು ಮುಚ್ಚುತ್ತಿರಲಿಲ್ಲ.

ಆ ಮುಖ ನೋಡಿ ಹಾಲೇಶನ ಮೈ ಜುಮ್ಮೆಂದಿತು. ಅವಳು ತನ್ನ ಅಕ್ಕ ಎಂಬುದನ್ನೂ ಒಂದು ಕ್ಷಣ ಮರೆತ. ಗುಡಿಯಲ್ಲಿ ಬಾಗಿಲು ತೆರೆದಾಗ ನಿಲ್ಲುವ ಹಾಗೆ ನಿಂತ.

ಹರಿಗೋಲು ಕಿಂಡಿಯೊಳಗೆ ಬಂದು ಅವನ ಎದೆಗೇ ತಾಗಿತು. ಅಜ್ಜ ಹಗ್ಗ ಹಿಡಿದು ಮರಕ್ಕೆ ಸುತ್ತಿದರು. ದ್ಯಾಮಣ್ಣ ಹುಟ್ಟನ್ನು ಬಿಟ್ಟು, ದಂಡೆಯ ಮಣ್ಣನ್ನು ಕೈಯಿಂದ ತಡವಿ ನೋಡಿ, ಅಲ್ಲೇ ಬೋರಲು ಬಿದ್ದ.

ಹಾಲೇಶ ಎಡಗೈಯಿಂದ ಅಕ್ಕನನ್ನು ತಬ್ಬಿ ಇಳಿಸಿ ದಂಡೆಯ ಮೇಲೆ ಕೂಡಿಸಿದ. ಅವಳಿನ್ನೂ ಅವನ ಕೈಯಲ್ಲಿದ್ದ ಜ್ವಾಲೆಯನ್ನೇ ನೋಡುತ್ತಿದ್ದಳು.

"ಅಕ್ಕಾ, ನಾನು."

ಅವಳ ಕಣ್ಣು ಮೆಲ್ಲಗೆ ಕೆಳಗಿಳಿದು ಅವನ ಮುಖಕ್ಕೆ ಬಂತು. ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು.

"ಹಾಲೇಶಿ," ಎಂದಳು. "ಬೆಳಕು ಹಿಡಿದಿದ್ದು ನೀನಾ?"

"ಹೂಂ."

"ನನಗೆ ಗೊತ್ತಾಗಲಿಲ್ಲ ನೋಡು. ಬೆಳಕು ಒಂದೇ ಇತ್ತು. ನೀರು ಇರಲಿಲ್ಲ, ಈ ಅಣ್ಣ ಇರಲಿಲ್ಲ." ಅವಳು ಏನೋ ನೆನಪು ಮಾಡಿಕೊಳ್ಳುವವಳಂತೆ ತಡೆದಳು. "ನಾನೂ ಇದ್ದೆನೋ ಇಲ್ಲೋ."

ದ್ಯಾಮಣ್ಣ ಬಿದ್ದಲ್ಲಿಂದಲೇ ತಲೆ ಎತ್ತಿದ. "ಎಡಕ್ಕ ಹಾಕು, ಬಲಕ್ಕ ಹಾಕು ಅಂತ ದಾರಿಯುದ್ದಕ್ಕೂ ಹೇಳಿಕೋತ ಬಂದಾಕಿ ಈಕಿನ ಅಜ್ಜಾರ. ನಾ ಬರೇ ಕೈ ಆಡಿಸಿದೆ."

"ನಾನು ಹೇಳಿದ್ನಾ?" ಎಂದಳು ಪಂಪಮ್ಮ. "ಇಲ್ಲಣ್ಣ. ನಾನು ಬಾಯಿನೇ ಬಿಟ್ಟಿಲ್ಲ."

ದ್ಯಾಮಣ್ಣ ಎದ್ದು ಕೂತು, ಅವಳ ದನಿ ಬಂದ ಕಡೆಗೆ ಕೈ ಮುಗಿದ.

ಹಾಲೇಶ ಬತ್ತಿಯನ್ನು ಬಂಡೆಯ ಮೇಲಿಟ್ಟು ಅಕ್ಕನ ಕಾಲ ಬಳಿ ಕುಸಿದು, ಅವಳ ಮಡಿಲಲ್ಲಿ ಮುಖವಿಟ್ಟು ಅತ್ತ. ಸಣ್ಣವನಿದ್ದಾಗ ಅಳುತ್ತಿದ್ದ ಹಾಗೆ, ಸದ್ದು ಮಾಡಿ ಅತ್ತ. ಅವಳು ಒದ್ದೆ ಕೈಯಿಂದ ಅವನ ತಲೆ ನೇವರಿಸಿದಳು. ಅವನ ಕೈಯ ಮೇಲೆ ಗಟ್ಟಿಯಾಗಿದ್ದ ಮೇಣವನ್ನು ಉಗುರಿನಿಂದ ಒಂದೊಂದೇ ಚೂರು ಬಿಡಿಸುತ್ತ, "ಸುಟ್ಟೈತಲ್ಲೋ, ಎಷ್ಟು ಸುಟ್ಟೈತೆ," ಎಂದಳು.

ಬತ್ತಿ ಬಂಡೆಯ ಮೇಲೆ ಕೊನೆಯ ಬೆರಳಗಲ ಉರಿಯುತ್ತಿತ್ತು. ಅದರ ಬೆಳಕು ನಾಲ್ಕು ಜನರನ್ನು ಮುಟ್ಟಿ, ಹುಲ್ಲನ್ನು ಮುಟ್ಟಿ, ಅಲ್ಲಿಗೇ ಮುಗಿಯುತ್ತಿತ್ತು. ಹಾಲೇಶ ಅಳು ನಿಲ್ಲಿಸಿ ಆ ಜ್ವಾಲೆಯನ್ನು ನೋಡಿದ. ಆಮೇಲೆ ಅದಕ್ಕೆ ಬೆನ್ನು ಹಾಕಿ, ಕಣ್ಣ ಕಲೆ ಮಾಸುವ ತನಕ ಕತ್ತಲೆಯಲ್ಲಿ ಮೊರೆಯುತ್ತಿದ್ದ ಹೊಳೆಯ ಕಡೆ ನೋಡಿದ. ಆನೆಬಂಡೆ ಇದ್ದ ಜಾಗದಲ್ಲಿ ಈಗ ಬರೀ ನೀರು ನಡೆಯುತ್ತಿತ್ತು.

"ಅಜ್ಜಾರ," ಎಂದ. ಅವನ ದನಿ ಇನ್ನೂ ಸರಿಯಾಗಿರಲಿಲ್ಲ. "ಇದು ಇಲ್ಲಿ ಕೂತ ನಮಗೇ ಸಾಲವಲ್ದು. ಇಷ್ಟು ಸಣ್ಣ ಬೆಳಕು ಅಷ್ಟು ದೂರ ಹೆಂಗೆ ಹೋಯ್ತು?"

ಅಜ್ಜ ಹೆಗಲ ಮೇಲಿನ ಕಂಬಳಿಯನ್ನು ತೆಗೆದು ಪಂಪಮ್ಮನಿಗೆ ಹೊದಿಸಿದರು.

"ಬೆಳಕು ಎಲ್ಲಿಗೂ ಹೋಗಲಿಲ್ಲಪಾ. ಬಂದಾಕಿ ನಿಮ್ಮಕ್ಕ."